ಹೇರು ಇಳಿದ ಮೇಲೂ

ಯಾರನ್ನಾದರೂ ಮಾತನಾಡಿಸುವಾಗ ಆಕೆ ಮೊದಲು ಅವರ ಕೈ ಹಿಡಿಯುತ್ತಿದ್ದಳು. ಸಲುಗೆಗಾಗಿ ಹಿಡಿಯುವ ಕೈ ಅಲ್ಲ ಅದು. ಎರಡು ಬೆರಳು ನೇರವಾಗಿ ಮಣಿಕಟ್ಟಿನ ಒಳಗೆ, ನಾಡಿಯ ಮೇಲೆ ಬಂದು ಕೂಡುತ್ತಿದ್ದವು. ನನಗೆ ಆಕೆಯ ಪರಿಚಯವಾದದ್ದೂ ಹಾಗೆಯೇ. ಚಿಕ್ಕೋಡಿಯಲ್ಲಿ ನಮ್ಮಂಥ ಪಿಯು ಉಪನ್ಯಾಸಕರಿಗೆಂದು ತರಬೇತಿಯೊಂದು ನಡೆದಿತ್ತು. ಊಟದ ಪಾಳಿಯಲ್ಲಿ ನಿಂತಿದ್ದೆ. ಪಕ್ಕದಲ್ಲಿದ್ದ ಅಪರಿಚಿತ ಹೆಣ್ಣುಮಗಳು, ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು, ನನ್ನ ಖಾಲಿ ಕೈಯನ್ನು ತೆಗೆದುಕೊಂಡು, "ಮೇಡಂ, ಯಾರ ಮ್ಯಾಲ ಸಿಟ್ಟಾಗೀರಿ? ಭಾಳ ಜೋರ ಓಡಾಕತ್ತೈತಿ" ಎಂದಳು.

ನಿಜಕ್ಕೂ ನಾನು ಸಿಟ್ಟಾಗಿದ್ದೆ. ನನ್ನ ಮುಂದೆ ಒಬ್ಬ ಮಹಾಶಯ ಪಾಳಿ ಮುರಿದು ನುಗ್ಗಿದ್ದ. ಇಬ್ಬರೂ ನಕ್ಕೆವು. ಮರುವರ್ಷ ಆಕೆ ಅಥಣಿಯ ನಮ್ಮ ಕಾಲೇಜಿಗೆ ಜೀವಶಾಸ್ತ್ರ ಕಲಿಸಲು ಬಂದಳು. ನಾನು ಅಲ್ಲಿ ಕನ್ನಡ ಕಲಿಸುತ್ತೇನೆ. "ಮೇಡಂ" ಹೋಗಿ "ಅಕ್ಕಾ" ಆಗಲು ಹೆಚ್ಚು ದಿನ ಬೇಕಾಗಲಿಲ್ಲ.

ಈ ಸಲದ ಮೊದಲ ಮಳೆಗಳ ಹೊತ್ತಿಗೆ ಆಕೆ ತೀರಿಕೊಂಡಳು. ಕಾಲೇಜಿನ ಶ್ರದ್ಧಾಂಜಲಿ ಸಭೆಯಲ್ಲಿ ನನ್ನನ್ನೂ ಮಾತಾಡಿ ಎಂದರು. ಎದ್ದು ನಿಂತೆ, ಹಾಗೆಯೇ ಕೂತೆ. ಮಾತಾಡಿದವರೆಲ್ಲ ಆಕೆಯ ಕರ್ತವ್ಯನಿಷ್ಠೆ, ಸರಳತೆ ಎಂದೆಲ್ಲ ಹೇಳಿದರು. ಸರಳತೆ ಎಲ್ಲಿತ್ತೋ ನನಗಂತೂ ಗೊತ್ತಿಲ್ಲ. ಆಕೆ ಜಗಳಗಂಟಿ. ನಡೆದರೆ ಹಿಂದಿನವರು ಓಡಬೇಕು. ಸ್ಟಾಫ್ ರೂಮಿನ ಚಹಾ ಮುಂಜಾನೆಯದೋ ಈಗಿನದೋ ಎಂದು ಕೇಳದೆ ಕುಡಿದವಳಲ್ಲ. ಯಾರಾದರೂ ಯಾರ ಬಗ್ಗೆಯಾದರೂ "ಪಾಪ" ಎಂದರೆ ಸಾಕು, ಥಟ್ಟನೆ ತಿರುಗಿ ಬೀಳುತ್ತಿದ್ದಳು: "ಪಾಪ ಅನಬ್ಯಾಡ್ರಿ. ಯಾಕಾತು ಅಂತ ಕೇಳ್ರಿ."

ಹೃದಯದ ಪಾಠ ಶುರುವಾದ ವಾರ ಆಕೆಯ ಕ್ಲಾಸಿನಿಂದ ನಗೆಯ ಅಲೆ ನನ್ನ ಕ್ಲಾಸಿಗೂ ಬರುತ್ತಿತ್ತು. ಮಕ್ಕಳೆಲ್ಲ ತಮ್ಮ ತಮ್ಮ ನಾಡಿ ಹಿಡಿದು ಕೂತು, ಉಸಿರು ಒಳಗೆ ತೆಗೆದುಕೊಂಡಾಗ ಬಡಿತ ಚುರುಕಾಗುವುದನ್ನೂ, ಬಿಟ್ಟಾಗ ನಿಧಾನವಾಗುವುದನ್ನೂ ಹಿಡಿಯಬೇಕು. ಸಿಕ್ಕವರು ಕೈ ಎತ್ತಬೇಕು. "ಇದನ್ನ ನೀವು ಮಾಡಾಕತ್ತಿಲ್ಲ. ನಿಮ್ಮನ್ನ ಕೇಳದನ ನಿಮ್ಮ ನರಾ ಮಾಡಾಕತ್ತಾವು" ಎನ್ನುವಳು. ಪುಸ್ತಕದಲ್ಲಿ ಆ ನರಗಳಿಗೆ ಉದ್ದುದ್ದ ಇಂಗ್ಲಿಷ್ ಹೆಸರುಗಳಿವೆ. ಆಕೆ ಅವನ್ನು ಬೋರ್ಡಿನ ಮೇಲೆ ಬರೆದು, ಆಮೇಲೆ ಕಬ್ಬಿನ ಬಂಡಿಗೆ ಬರುತ್ತಿದ್ದಳು. ಎದೆ ಎಂದರೆ ಎತ್ತಿನ ಬಂಡಿ. ಅದರ ಮೇಲೆ ಇಬ್ಬರು ಕೂತಿದ್ದಾರೆ. ಒಬ್ಬನ ಕೈಯಲ್ಲಿ ಬಾರಕೋಲು, ಇನ್ನೊಬ್ಬನ ಕೈಯಲ್ಲಿ ಹಗ್ಗ. ಒಬ್ಬ ಓಡಿಸುತ್ತಾನೆ, ಒಬ್ಬ ಜಗ್ಗಿ ಹಿಡಿಯುತ್ತಾನೆ. ಇಬ್ಬರೂ ದಿನವಿಡೀ ಜಗಳಾಡುತ್ತಿರುವುದರಿಂದಲೇ ಬಂಡಿ ಹಾದಿಯ ಮೇಲೆ ಇರುತ್ತದೆ.

ಆಕೆಯದು ಕಾಗವಾಡದ ಹತ್ತಿರದ ಹಳ್ಳಿಯ ಜೈನರ ಮನೆ. ಹೊಲ, ಎಮ್ಮೆ, ಕೂಡಿದ ಸಂಸಾರ. ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್. ಮಾತು ಕಡಿಮೆ, ಹೆಂಡತಿ ಮಾತಾಡುವಾಗ ಅವಳ ಮುಖವನ್ನೇ ನೋಡುತ್ತ ಕೂಡುವ ಮನುಷ್ಯ. ಅತ್ತೆ ಸಂಜೆ ಹೊತ್ತು ಮುಳುಗಿದ ಮೇಲೆ ನೀರನ್ನೂ ಮುಟ್ಟದ ಹೆಂಗಸು. ಮದುವೆಯಾಗಿ ಬಹಳ ವರ್ಷಗಳಾದರೂ ಮಕ್ಕಳಾಗಿರಲಿಲ್ಲ. ಅತ್ತೆ ಸುತ್ತಲಿನ ಬಸದಿಗಳನ್ನೆಲ್ಲ ಮುಗಿಸಿ, ಕೊನೆಗೆ ಯಡೂರಿನ ವೀರಭದ್ರನಿಗೂ ಕಾಯಿ ಒಡೆಸಿ ಬಂದಿದ್ದರು. ಆಕೆ ಅದಕ್ಕೆ ಬೇಡ ಎನ್ನಲೂ ಇಲ್ಲ, ಜೊತೆಗೆ ಹೋಗಲೂ ಇಲ್ಲ. ಮೂವತ್ತೆಂಟು ದಾಟಿದ ಮೇಲೆ, ಎಲ್ಲರೂ ಆ ಮಾತನ್ನು ಬಿಟ್ಟೇಬಿಟ್ಟಿದ್ದ ಹೊತ್ತಿನಲ್ಲಿ, ಬಸಿರಾದಳು.

ನನಗೆ ಹೇಳಿದ್ದು ಬಾಯಿಂದಲ್ಲ. ಸ್ಟಾಫ್ ರೂಮಿನಲ್ಲಿ ನನ್ನ ಬೆರಳು ತೆಗೆದುಕೊಂಡು ತನ್ನ ಮಣಿಕಟ್ಟಿನ ಮೇಲೆ ಇಟ್ಟಳು.

"ಅಕ್ಕಾ, ನೋಡ್ರಿ. ಉಸಿರ ತಗೊಂಡ್ರೂ ಅಷ್ಟ, ಬಿಟ್ರೂ ಅಷ್ಟ. ಮೊದಲಿನಂಗ ಏರಿಳಿತ ಇಲ್ಲ."

ನನಗೇನೂ ತಿಳಿಯಲಿಲ್ಲ. "ಅಂದ್ರ?"

"ಅಂದ್ರ ಹಗ್ಗಾ ಹಿಡದಾಂವ ಕೈ ಸಡ್ಲ ಬಿಟ್ಟಾನ, ಬಾರಕೋಲಿನಾಂವ ಕೈ ಎತ್ಯಾನ. ಯಾಕಂದ್ರ ಬಂಡ್ಯಾಗ ಹೇರು ಬಂದೈತಿ."

ಅರ್ಥವಾದಾಗ ನಾನು ಕಿರುಚಿದ್ದಕ್ಕೆ ಪಕ್ಕದ ಕೋಣೆಯಿಂದ ಪ್ರಿನ್ಸಿಪಾಲರು ಇಣುಕಿ ನೋಡಿದರು.

ಆ ತಿಂಗಳುಗಳಷ್ಟು ಖುಷಿಯಾಗಿ ನಾನು ಆಕೆಯನ್ನು ಎಂದೂ ಕಂಡಿರಲಿಲ್ಲ. ತನ್ನ ಮೈಯೇ ಈಗ ಆಕೆಗೆ ಪ್ರಯೋಗಶಾಲೆಯಾಗಿತ್ತು. ಒಂದು ದಿನ ಕೂತವಳು ಎದ್ದು ಬೋರ್ಡಿನ ಕಡೆ ತಿರುಗುತ್ತಿದ್ದಂತೆ ಚಕ್ಕರ್ ಬಂದು ಗೋಡೆ ಹಿಡಿದಳಂತೆ. ಹುಡುಗಿಯರು ಓಡಿಬಂದು ಹಿಡಿದುಕೊಂಡರು. ಎರಡು ನಿಮಿಷ ಕೂತು, ನೀರು ಕುಡಿದು, ಅದನ್ನೇ ಪಾಠ ಮಾಡಿದಳು. "ನಾವು ಎದ್ದು ನಿಂತಾಗ ರಗತ ಕಾಲಿಗಿ ಇಳೀತೈತಿ. ಕುತಗ್ಯಾಗ ಒಬ್ಬ ಕಾವಲುಗಾರ ಇರತಾನ. ಅಂವ ಮೆದುಳಿಗಿ ಸುದ್ದಿ ಮುಟ್ಟಸ್ತಾನ, ಎದಿ ಜೋರ ಹೊಡದು ರಗತ ಮ್ಯಾಲ ಕಳಸ್ತೈತಿ. ಬಸುರಾಗ ಆ ಕಾವಲುಗಾರ ಒಂದೀಟು ತೂಕಡಸ್ತಾನ. ಇದು ಜಡ್ಡಲ್ಲ. ಕೆಲಸಾ." ಹುಡುಗಿಯರು ಬಾಯಿ ತೆರೆದು ಕೇಳಿದರು. ಬಸಿರಿನ ಬಗ್ಗೆ ಅವರಿಗೆ ಅಷ್ಟು ನೇರವಾಗಿ ಯಾರೂ ಮಾತಾಡಿರಲಿಲ್ಲ.

"ಜಡ್ಡಲ್ಲ, ಕೆಲಸಾ" ಎಂಬುದು ಆಮೇಲೆ ಆಕೆಯ ಬಾಯಿಗೆ ಅಂಟಿಕೊಂಡಿತು. ಎದೆ ಡವಡವ ಎಂದರೆ ಕೆಲಸ. ಬಸ್ ಸ್ಟ್ಯಾಂಡಿನಿಂದ ಕಾಲೇಜಿಗೆ ಬರುವಷ್ಟರಲ್ಲಿ ದಮ್ಮು ಹತ್ತಿದರೆ ಕೆಲಸ. ಹೆರಿಗೆ ಡಾಕ್ಟರಮ್ಮ ಕೂಡ, ರಕ್ತದೊತ್ತಡ ಸರಿಯಿದೆ, ಕೂಸು ಚೆನ್ನಾಗಿದೆ, ಬಸುರಿಯರ ನಾಡಿ ತುಸು ಜೋರಾಗಿಯೇ ಇರುತ್ತದೆ ಎಂದಿದ್ದರು. ಅದು ಸುಳ್ಳೇನೂ ಅಲ್ಲ. ನನಗೂ ನನ್ನ ಇಬ್ಬರು ಮಕ್ಕಳ ಸಲ ಎದೆ ಹಾರಿದೆ, ಕಾಲು ಬಾತಿವೆ, ಮಲಗಿದರೆ ಉಸಿರು ಕಟ್ಟಿದಂತಾಗಿದೆ.

ಎಂಟನೆಯ ತಿಂಗಳು ದಾಟಿದ ಮೇಲೆ ಆಕೆ ಮಹಡಿಯ ಮೆಟ್ಟಿಲು ಹತ್ತುವಾಗ ಅರ್ಧಕ್ಕೇ ನಿಲ್ಲತೊಡಗಿದಳು. ನಿಂತಾಗ ಕಟಾಂಜನ ಹಿಡಿದು, ಯಾರಾದರೂ ನೋಡುತ್ತಿದ್ದರೆ ಗೋಡೆಯ ಮೇಲಿನ ನೋಟೀಸು ಓದುವವಳಂತೆ ಮಾಡುತ್ತಿದ್ದಳು. ಒಣ ಕೆಮ್ಮು ಹತ್ತಿತು. ಮಲಗಿದರೆ ಕೆಮ್ಮು ಹೆಚ್ಚುತ್ತದೆಂದು ಗೋಡೆಗೆ ತಲೆದಿಂಬು ಒಟ್ಟಿ, ಅದಕ್ಕೊರಗಿ ಕೂತೇ ನಿದ್ದೆ ಮಾಡುತ್ತಿದ್ದಳಂತೆ.

"ಇನ್ನೊಮ್ಮೆ ತೋರಸು ಬೇಕಾದ್ರ" ಎಂದೆ.

"ಕೂಸು ಮ್ಯಾಲ ಒತ್ತಾಕತ್ತೈತಿ ಅಕ್ಕಾ. ಪುಪ್ಪುಸಕ್ಕ ಜಾಗಾ ಎಲ್ಲಿ ಐತಿ? ನಮ್ಮತ್ತೀನೂ ಅದನ್ನ ಅಂತಾರ. ವಿಜ್ಞಾನಾನೂ ಅದನ್ನ ಅಂತೈತಿ."

ಅತ್ತೆ ಮತ್ತು ವಿಜ್ಞಾನ ಒಂದೇ ಮಾತು ಹೇಳಿದ್ದು ಇದೇ ಮೊದಲು ಎಂದು ನಾವು ನಕ್ಕೆವು. ಆಕೆಯ ಮೈಯಲ್ಲಿ ಆಗುತ್ತಿದ್ದ ಒಂದೊಂದಕ್ಕೂ ಒಂದೊಂದು ಕಾರಣವಿತ್ತು. ಆ ಕಾರಣಗಳೆಲ್ಲ ನಿಜವೇ. ಬೇರೆ ಹೆಂಗಸರ ಮಟ್ಟಿಗೆ ನಿಜ. ಆಕೆಯ ಎದೆಯೊಳಗೆ ಆಗುತ್ತಿದ್ದ ಇನ್ನೊಂದು ಸಂಗತಿ ಅದೇ ವೇಷ ಹಾಕಿಕೊಂಡು ಬಂದಿತ್ತು. ಏನೂ ತಿಳಿಯದ ಹೆಂಗಸಾಗಿದ್ದರೆ ಹೆದರಿ ಓಡಿಹೋಗಿ ತೋರಿಸಿಕೊಳ್ಳುತ್ತಿದ್ದಳೇನೋ. ಆಕೆಗೆ ಹೆದರಿಕೆಯಾಗಲು ತಿಳಿವಳಿಕೆ ಬಿಡಲಿಲ್ಲ.

ಅಥಣಿಯಲ್ಲೇ ಹೆರಿಗೆಯಾಯಿತು. ಹೆಣ್ಣು ಕೂಸು. ತೊಟ್ಟಿಲು ಹಾಕುವ ದಿನ ನಾನು ಕುಬುಸದ ಬಟ್ಟೆ, ಕೂಸಿಗೊಂದು ಕುಲಾವಿ ತೆಗೆದುಕೊಂಡು ಹಳ್ಳಿಗೆ ಹೋದೆ. ಮನೆ ತುಂಬ ಹೆಂಗಸರು. ಮರಾಠಿ, ಕನ್ನಡ ಎರಡರಲ್ಲೂ ಜೋಗುಳ. ಅತ್ತೆಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬಾಣಂತಿ ಒಳಕೋಣೆಯಲ್ಲಿ ಗೋಡೆಗೊರಗಿ ಕೂತಿದ್ದಳು. ಪಾದಗಳು ಬಾತು ಹೊಳೆಯುತ್ತಿದ್ದವು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಬಲಗೈಯ ಎರಡು ಬೆರಳು ತನ್ನದೇ ಎಡಗೈಯ ನಾಡಿಯ ಮೇಲಿದ್ದವು. ನಾನು ಬಂದು ಕೂತರೂ ತೆಗೆಯಲಿಲ್ಲ.

"ಅಕ್ಕಾ" ಎಂದಳು. ಒಂದು ವಾಕ್ಯಕ್ಕೆ ನಡುವೆ ಉಸಿರು ಬೇಕಾಗುತ್ತಿತ್ತು. "ಹೇರು ಇಳದೈತಿ. ಬಂಡಿ ಖಾಲಿ ಐತಿ. ಆದ್ರೂ ಎತ್ತು ಓಡಾಕತ್ತಾವು."

ಆ ಕಣ್ಣುಗಳಲ್ಲಿ ನಾನು ಮೊದಲ ಸಲ ಹೆದರಿಕೆಯನ್ನು ನೋಡಿದೆ. ಹೊರಗೆ ಹೋಗಿ ಗಂಡನನ್ನು ಕರೆದೆ. ಜೋಗುಳ ನಡೆದಿರುವಾಗಲೇ ಜೀಪು ತರಿಸಿ ಮಿರಜಿಗೆ ಹೊರಟೆವು.

ಮಿರಜಿನ ಆಸ್ಪತ್ರೆಯಲ್ಲಿ ಎದೆಯ ಎಕೋ ಸ್ಕ್ಯಾನ್ ಮಾಡಿದ ತರುಣ ಡಾಕ್ಟರು ಪರದೆಯ ಮೇಲೆ ಅದದನ್ನೇ ಎರಡೆರಡು ಸಲ ಅಳೆದರು. ಆಮೇಲೆ ಗಂಡನಿಗೆ ಮರಾಠಿಯಲ್ಲಿ ಹೇಳಿದರು. ನಾನು ನಿಪ್ಪಾಣಿಯಲ್ಲಿ ಹುಟ್ಟಿದವಳು, ನನಗೂ ತಿಳಿಯಿತು. ಎದೆಯ ಸ್ನಾಯು ಹಿಗ್ಗಿ ಸಡಿಲವಾಗಿದೆ. ಹಿಂಡುವ ಬಲ ಅರ್ಧಕ್ಕಿಂತ ಕಡಿಮೆ ಉಳಿದಿದೆ. ಬಸಿರಿನ ಕೊನೆಯಲ್ಲೋ ಹೆರಿಗೆಯ ಆಸುಪಾಸಿನಲ್ಲೋ ಕೆಲವರಿಗೆ ಹೀಗಾಗುತ್ತದೆ. ಯಾಕೆಂದು ಯಾರಿಗೂ ಪೂರ್ತಿ ಗೊತ್ತಿಲ್ಲ. ಕೆಲವರದು ಸುಧಾರಿಸುತ್ತದೆ, ಕೆಲವರದು ಇಲ್ಲ. ಇನ್ನೊಂದು ಬಸಿರಂತೂ ಬೇಡವೇ ಬೇಡ. ಈ ಔಷಧಿ ನಡೆದಿರುವಾಗ ಎದೆಹಾಲು ಕುಡಿಸುವುದೂ ಬೇಡ.

ಹಾಸಿಗೆಯ ಮೇಲಿದ್ದವಳು ಕೇಳಿದ್ದು ಒಂದೇ ಪ್ರಶ್ನೆ. "ಎಂಟರಾಗ ಬಂದಿದ್ರ?"

ಡಾಕ್ಟರು ಕನ್ನಡ ತಿಳಿಯದೆ ನನ್ನ ಮುಖ ನೋಡಿದರು. ನಾನು ಅದನ್ನು ಮರಾಠಿಗೆ ತಿರುಗಿಸಲಿಲ್ಲ. ಆಕೆಯೇ ಅಚ್ಚ ಮರಾಠಿಯಲ್ಲಿ ಮತ್ತೆ ಕೇಳಿದಳು. ಮೊದಲೇ ಔಷಧಿ ಶುರುವಾಗಿದ್ದರೆ ಒಳ್ಳೆಯದಿತ್ತು, ಆದರೆ ಹೀಗೇ ಆಗುತ್ತಿತ್ತು ಎಂದು ಹೇಳಲು ಬರುವುದಿಲ್ಲ ಎಂದರು ಅವರು. ಆಕೆ ತಲೆಯಾಡಿಸಿ ಗೋಡೆಯ ಕಡೆ ಮುಖ ಮಾಡಿದಳು.

ಕೆಲವು ತಿಂಗಳ ನಂತರ ಕಾಲೇಜಿಗೆ ಬಂದಳು. ಆಕೆಯ ಕ್ಲಾಸುಗಳನ್ನೆಲ್ಲ ಕೆಳಗಿನ ಕೋಣೆಗೆ ಇಳಿಸಿದ್ದರು. ಕುರ್ಚಿಯಲ್ಲಿ ಕೂತೇ ಪಾಠ ಮಾಡುತ್ತಿದ್ದಳು. ನಡಿಗೆ ಎಷ್ಟು ನಿಧಾನವಾಗಿತ್ತೆಂದರೆ ಈಗ ನಾನು ನಿಂತು ನಿಂತು ಆಕೆಗಾಗಿ ಕಾಯಬೇಕಿತ್ತು. ಯಾರ ಕೈಯನ್ನೂ ಹಿಡಿಯುತ್ತಿರಲಿಲ್ಲ. ಒಮ್ಮೆ ಹೊಸ ಬ್ಯಾಚಿನ ಹುಡುಗಿಯೊಬ್ಬಳು ಹಿರಿಯರಿಂದ ಕೇಳಿ ತಿಳಿದಿದ್ದಳೋ ಏನೋ, "ಮೇಡಂ, ನಿಮ್ಮ ನಾಡಿ ನೋಡ್ಲೇನ್ರಿ?" ಎಂದು ಕೈ ಚಾಚಿದಳು. ಆಕೆ ತನ್ನ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

ಹೃದಯದ ಪಾಠ ಬಂದಾಗ ಬಂಡಿಯ ಕಥೆ ಹೇಳಲಿಲ್ಲ. ಅದರ ಬದಲು ಪುಸ್ತಕ ಮುಚ್ಚಿಟ್ಟು ಹುಡುಗಿಯರ ಬೆಂಚಿನ ಕಡೆ ತಿರುಗಿ, "ಮುಂದ ನಿಮಗ ಬಸರ ಆದಾಗ, ಅಂಗಾತ ಮಲಗಾಕ ಆಗಲಿಲ್ಲಂದ್ರ, ಕೆಮ್ಮಿ ಕೆಮ್ಮಿ ಎದ್ದು ಕೂಡೂವಂಗ ಆದ್ರ, ಹಡದ ಮ್ಯಾಲೂ ಎದಿ ಶಾಂತ ಆಗಲಿಲ್ಲಂದ್ರ, ಎಲ್ಲಾರಿಗೂ ಹಂಗ ಆಗ್ತೈತಿ ಅಂತ ಸುಮ್ನ ಕೂಡಬ್ಯಾಡ್ರಿ. ಎದಿ ಡಾಕ್ಟರ ಕಡೆ ಹೋಗ್ರಿ" ಎಂದು ಹೇಳಿದಳು. ಹುಡುಗರು ಕಿಟಕಿಯ ಹೊರಗೆ ನೋಡಿದರು. ಹುಡುಗಿಯರು ದಾವಣಿಯಲ್ಲಿ ಬಾಯಿ ಮುಚ್ಚಿಕೊಂಡು ಕಿಸಕ್ಕೆಂದರು. ಹದಿನಾರರ ಪ್ರಾಯ, ಅವರದೇನು ತಪ್ಪು. ಹೊರಗೆ ಬಂದು ನನ್ನ ಪಕ್ಕ ಕೂತು, "ಯಾರೂ ಕೇಳಲಿಲ್ಲ ಅಕ್ಕಾ" ಎಂದಳು. ಸ್ಟಾಫ್ ರೂಮಿನಲ್ಲಿ ಯಾರೋ "ಪಾಪ" ಎಂದದ್ದು ಇಬ್ಬರಿಗೂ ಕೇಳಿಸಿತು. ಆಕೆ ತಿರುಗಿ ನೋಡಲಿಲ್ಲ.

ಮಿರಜಿನ ಎರಡನೆಯ ಎಕೋದಲ್ಲಿ ಸುಧಾರಣೆಯಿರಲಿಲ್ಲ. ಮೂರನೆಯದರಲ್ಲಿ ಇನ್ನೂ ಇಳಿದಿತ್ತು. ಗಂಡ ಮಾತ್ರ ಎಲ್ಲೆಲ್ಲಿಂದಲೋ ಯಾರು ಯಾರು ಗುಣವಾದರೆಂಬ ಸುದ್ದಿ ಹೊತ್ತು ತರುತ್ತಿದ್ದರು. ರಾಯಬಾಗದಲ್ಲಿ ಒಬ್ಬಾಕೆ ಹೀಗೇ ಆಗಿ ಈಗ ಹೊಲಕ್ಕೆ ಹೋಗುತ್ತಾಳಂತೆ ಎಂದು ಒಂದು ದಿನ ನನ್ನೆದುರಿಗೇ ಹೇಳಿದರು. ಆಕೆ ಶಾಂತವಾಗಿ, "ಸುಳ್ಳ ಧೈರ್ಯಾ ಬ್ಯಾಡ್ರಿ. ಅದನ್ನ ಹೊರಾಕೂ ನನಗ ದಮ್ಮು ಹತ್ತತೈತಿ" ಎಂದಳು. ಅವರು ಎದ್ದು ಹೋಗಿ ಎಮ್ಮೆಯ ಕೊಟ್ಟಿಗೆಯಲ್ಲಿ ನಿಂತರು.

ಆಕೆ ಕೆಲಸಕ್ಕೆ ಬರುವುದನ್ನು ಬಿಟ್ಟ ಮೇಲೆ ನಾನು ರಜೆಯ ದಿನ ಹಳ್ಳಿಗೆ ಹೋಗುತ್ತಿದ್ದೆ. ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಕೂತಿದ್ದೆವು. ಕೂಸಿಗೆ ಆಗ ಮಾತು ಬರತೊಡಗಿತ್ತು. ಅಂಗಳದಲ್ಲಿ ಓಡುತ್ತಿದ್ದದ್ದು ಮುಗ್ಗರಿಸಿ ಬಿದ್ದು, "ಅವ್ವಾ!" ಎಂದು ಚೀರಿತು. ಆಕೆ ಕುರ್ಚಿಯ ಕೈ ಹಿಡಿದು ಅರ್ಧ ಎದ್ದಳು. ಕೂಸು ಎದ್ದು, ಮಣ್ಣಾದ ಮೊಣಕಾಲಿನಿಂದ ನೇರವಾಗಿ ಅಡಿಗೆಮನೆಗೆ, ಆಕೆಯ ನೆಗೆಣ್ಣಿಯ ಕಡೆ ಓಡಿತು. ನೆಗೆಣ್ಣಿ ಎಂದರೆ ಗಂಡನ ತಮ್ಮನ ಹೆಂಡತಿ, ಎರಡು ಗಂಡುಮಕ್ಕಳ ತಾಯಿ, ತುಂಬ ಒಳ್ಳೆಯ ಹೆಂಗಸು. ಅರ್ಧ ಎದ್ದಿದ್ದವಳು ಮತ್ತೆ ಕೂತುಕೊಂಡಳು.

ಸ್ವಲ್ಪ ಹೊತ್ತಿನ ಮೇಲೆ ಕೂಸು ಹೊರಗೆ ಬಂದು ಆಕೆಗೆ ತನ್ನ ಗಾಯ ತೋರಿಸಿ, "ಮೇಡಂ, ನೋಡು" ಎಂದಿತು.

ನಾನು ನಗಲು ಹೋಗಿ ನಿಂತೆ. ಆಕೆಯ ಮುಖದಲ್ಲಿ ನಗೆಯಿರಲಿಲ್ಲ. ಕೂಸು ಅತ್ತ ಹೋದ ಮೇಲೆ ಕೇಳಿದೆ, "ಮೇಡಂ ಅಂತೈತಿ?"

"ನಾನ ಕಲಸೀನಿ."

"ಹುಚ್ಚಿದ್ದೀಯೇನ ನೀ? ಯಾವ ತಾಯಿ ಹಿಂಗ ಮಾಡತಾಳ?"

"ಸಾಯೂ ತಾಯಿ" ಎಂದಳು. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಉಸಿರಿಗಾಗಿ ತಡೆದು ತಡೆದು ಹೇಳಿದಳು. "ನಾ ಹೋದ ಮ್ಯಾಲ ಅದು ಅವ್ವನ್ನ ಹುಡುಕಬಾರದು ಅಕ್ಕಾ. ಹುಡುಕಿದ್ರ ಸಿಗೂವಾಕಿ ಇರಬೇಕು. ನಂದು ಮಾತ್ರ ಅಲ್ಲ, ಅದರ ಎದೀನೂ ಒಡೀಬೇಕಂತೀರೇನು?"

ನೆಗೆಣ್ಣಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಸೆರಗಿನಿಂದ ಕಣ್ಣೊರೆಸಿಕೊಂಡು ನನಗೆ ಹೇಳಿದಳು, "ಈ ಕೆಲಸಾ ನನ್ನ ಕಡಿಂದ ಮಾಡಸಬ್ಯಾಡ ಅಕ್ಕಾ ಅಂತ ಕಾಲ ಹಿಡದೀನ್ರಿ. ಕೇಳವಲ್ರು. ಕೂಸು ತಪ್ಪಿ ಇವರಿಗಿ ಅವ್ವಾ ಅಂದ್ರ ಓ ಅನ್ನೂದಿಲ್ರಿ. ಮೇಡಂ ಅನ್ನೂತನಾ ತಿರುಗಿ ನೋಡೂದಿಲ್ಲ."

ಆಮೇಲೆ ನಾನೂ ಅದನ್ನು ಕಣ್ಣಾರೆ ನೋಡಿದೆ. ಕೂಸು ಎರಡು ಕೈ ಎತ್ತಿ "ಅವ್ವಾ, ಎತ್ಕೋ" ಎನ್ನುವುದು, ಆಕೆ ಗೋಡೆ ನೋಡುತ್ತ ಕೂಡುವುದು, ಕೂಸು ಗೊಂದಲದಿಂದ ಸುತ್ತ ನೋಡಿ ಕೊನೆಗೆ "ಮೇಡಂ" ಎನ್ನುವುದು, ಆಗ ಆಕೆ ಬಗ್ಗಿ ಅದರ ತಲೆ ಸವರುವುದು. ಎತ್ತಿಕೊಳ್ಳುವ ಶಕ್ತಿ ಆಕೆಗೆ ಆಗಲೇ ಇರಲಿಲ್ಲ. ಅತ್ತೆ ಇದನ್ನು ನೋಡಲಾರದೆ ಎದ್ದು ಬಸದಿಗೆ ಹೋಗಿಬಿಡುತ್ತಿದ್ದರು. ಗಂಡ ಒಮ್ಮೆ ಮಾತ್ರ ವಿರೋಧಿಸಿದರಂತೆ. ಆಕೆ ಅವರ ಮುಂದೆ ಕೈ ಮುಗಿದಳಂತೆ. ಮತ್ತೆ ಅವರು ಆ ಮಾತು ಎತ್ತಲಿಲ್ಲ.

ಕೆಲವು ತಿಂಗಳಲ್ಲಿ ಕೂಸು ತಪ್ಪುವುದನ್ನು ಬಿಟ್ಟಿತು.

ಕೊನೆಯ ಸಲ ಕಂಡಾಗ ಆಕೆಯ ಹೊಟ್ಟೆಯಲ್ಲೂ ನೀರು ತುಂಬಿತ್ತು. ನಾನು ಏನೋ ಹೇಳಬೇಕೆಂದು, "ಕೂಸು ಗಟ್ಟಿ ಐತಿ, ನೋಡು" ಎಂದೆ. "ಗಟ್ಟಿ ಐತಿ" ಎಂದಳು. ಆಮೇಲೆ, "ಅಕ್ಕಾ, ಅದರ ಬಾಯಿಂದ ಅವ್ವಾ ಅಂತ ಕೇಳಿ ಭಾಳ ದಿನಾ ಆತು" ಎಂದಳು. ನಾನು ಹೊರಡುವವರೆಗೂ ಅಡಿಗೆಮನೆಯ ಕಡೆಗೇ ಕಿವಿಗೊಟ್ಟು ಕೂತಿದ್ದಳು. ಅಲ್ಲಿ ಕೂಸು ರೊಟ್ಟಿಗಾಗಿ ಹಟ ಮಾಡುತ್ತಿತ್ತು.

ಸುದ್ದಿ ಬಂದದ್ದು ಬೆಳಗಿನ ಕ್ಲಾಸಿನ ಹೊತ್ತಿಗೆ. ನಾನು ಮುಟ್ಟುವಷ್ಟರಲ್ಲಿ ಸಣ್ಣ ಮಳೆ ಹಿಡಿದಿತ್ತು. ಪಡಸಾಲೆಯಲ್ಲಿ ಚಾಪೆಯ ಮೇಲೆ ಆಕೆಯನ್ನು ಮಲಗಿಸಿದ್ದರು. ಗಂಡ ಕಂಬಕ್ಕೊರಗಿ ಆಕೆಯ ಮುಖವನ್ನೇ ನೋಡುತ್ತ ಕೂತಿದ್ದರು. ಅತ್ತೆ ನನ್ನನ್ನು ಕಂಡವರೇ, "ನನ್ನ ಕಾಯಿ ಯಾವ ದೇವರಿಗೂ ಮುಟ್ಟಲಿಲ್ಲ ನೋಡವಾ" ಎಂದು ಎದೆ ಬಡಿದುಕೊಂಡರು. ನೆಗೆಣ್ಣಿ ತಲೆಯ ಹತ್ತಿರ ಕೂತು ಬಿಕ್ಕುತ್ತಿದ್ದಳು. ಕೂಸು ನೆಗೆಣ್ಣಿಯ ಮಡಿಲಲ್ಲಿತ್ತು. ಮೂರಕ್ಕೆ ಬಿದ್ದ ಕೂಸು. ಮನೆಯಲ್ಲಿ ಇಷ್ಟು ಜನ ಸೇರಿದ್ದು ಅದಕ್ಕೆ ಹಬ್ಬದಂತೆ ಇತ್ತೇನೋ. ಒಬ್ಬೊಬ್ಬರನ್ನೇ ನೋಡುತ್ತಿತ್ತು.

ಆಮೇಲೆ ಅದು ನೆಗೆಣ್ಣಿಯ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, "ಅವ್ವಾ, ಅಳಬ್ಯಾಡ. ಮೇಡಂ ಮಲಕೊಂಡಾರ" ಎಂದಿತು.

ನೆಗೆಣ್ಣಿಗೆ ತಡೆಯಲಾಗಲಿಲ್ಲ. ಇಷ್ಟು ದಿನ ಬಿಗಿಹಿಡಿದಿದ್ದ ಮಾತು ಅವಳ ಬಾಯಿಂದ ಹೊರಗೆ ಬಂತು. ಕೂಸಿನ ಕೈಯನ್ನು ಹಿಡಿದು ಚಾಪೆಯ ಕಡೆ ಚಾಚಿ, "ಅಕಿ ಮೇಡಂ ಅಲ್ಲ. ಅಕಿ ನಿಮ್ಮವ್ವ. ಒಮ್ಮೆ ಅವ್ವಾ ಅನ್ನು. ಒಮ್ಮೆ ಅನ್ನು ನನ ಕೂಸ" ಎಂದು ಗೋಗರೆದಳು.

ಕೂಸು ಚಾಪೆಯ ಮೇಲಿನ ಮುಖವನ್ನು ನೋಡಿತು. ಆಮೇಲೆ ಕೈ ಬಿಡಿಸಿಕೊಂಡು, ತಿಳಿಯದವರಿಗೆ ತಿದ್ದಿ ಹೇಳುವಂತೆ ತಲೆಯಾಡಿಸಿ, ನೆಗೆಣ್ಣಿಯ ಒದ್ದೆ ಕೆನ್ನೆ ಮುಟ್ಟಿ ಹೇಳಿತು:

"ಅಲ್ಲ. ನೀ ಅವ್ವ."